ಮಾವನವರ ಸೀಟು ಮತ್ತು ಹತ್ತರ ಸ್ಪ್ಯಾನರು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು ಎಂದು ನಾನು ಬಹುಕಾಲ ನಂಬಿದ್ದೆ. ನಮಗಿಂತ ಹೆಚ್ಚು ಓದಿದವನ ಮೇಲೆ, ದೊಡ್ಡ ಹುದ್ದೆಯಲ್ಲಿರುವವನ ಮೇಲೆ, ಹೋಗಲಿ, ತಲೆಯಲ್ಲಿ ನಮಗಿಂತ ನಾಲ್ಕು ಕೂದಲು ಹೆಚ್ಚಿಗೆ ಉಳಿಸಿಕೊಂಡವನ ಮೇಲಾದರೂ ಪಟ್ಟರೆ ಅದಕ್ಕೊಂದು ಮರ್ಯಾದೆ. ನನ್ನ ಹೊಟ್ಟೆಕಿಚ್ಚಿಗೆ ಅದೂ ಇಲ್ಲ. ನಾನು ಕರುಬುತ್ತಿರುವುದು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಮಾದೇಶನ ಮೇಲೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಎರಡು ಸಲ ಕೂತು ಎರಡು ಸಲವೂ ಬರಿಗೈಯಲ್ಲಿ ಎದ್ದು ಬಂದ ಆಸಾಮಿ. ನಾನಾದರೋ ನಂಜನಗೂಡಿನ ಹೈಸ್ಕೂಲೊಂದರಲ್ಲಿ ಇಪ್ಪತ್ತು ಚಿಲ್ಲರೆ ವರ್ಷಗಳಿಂದ ಅದೇ ವಿಜ್ಞಾನವನ್ನು ಪಾಠ ಮಾಡುತ್ತಿರುವವನು. ಆದರೂ ಕಿಚ್ಚು ನನ್ನ ಹೊಟ್ಟೆಯಲ್ಲಿದೆ, ಅವನ ಹೊಟ್ಟೆಯಲ್ಲಿಲ್ಲ. ಕಾರಣ ಇಷ್ಟೇ: ಅವನ ಕಾರನ್ನು ಅವನೇ ರಿಪೇರಿ ಮಾಡಿಕೊಳ್ಳುತ್ತಾನೆ.

ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚಪಡುವಷ್ಟು ಸುಲಭವಾಗಿ ಅದು ಸಿಕ್ಕಿದ್ದಲ್ಲ. ನಮ್ಮಪ್ಪ ಬೇರೆಯವರ ಗದ್ದೆಯಲ್ಲಿ ಕೆಲಸ ಮಾಡಿ ಬಂದು, ಬಚ್ಚಲ ಕಲ್ಲಿನ ಮೇಲೆ ಕೂತು, ಉಗುರಿನ ಸಂದಿಯ ಕೆಸರನ್ನು ತೆಂಗಿನ ಕಡ್ಡಿಯಿಂದ ತೆಗೆಯುತ್ತಾ, "ಓದ್ಲಾ ಮಗ. ಓದ್ಕಂಡ್ರೆ ಕೈ ಕೊಳೆ ಆಗಕಿಲ್ಲ" ಎನ್ನುತ್ತಿದ್ದ. ಓದಿದೆ. ಮೈಸೂರಿನ ಹಾಸ್ಟೆಲಿನಲ್ಲಿ ನೀರು ಸಾರಿಗೆ ಅನ್ನ ಕಲಸಿಕೊಂಡು ಭೌತಶಾಸ್ತ್ರ ಓದಿದೆ. ಇದ್ದ ಒಂದು ಒಳ್ಳೆ ಪ್ಯಾಂಟು ಒಣಗದ ದಿನ ಗೆಳೆಯನ ಪ್ಯಾಂಟು ತೊಟ್ಟು, ಗೇಣುದ್ದ ಮಡಚಿಕೊಂಡು ಪ್ರಾಕ್ಟಿಕಲ್ ಪರೀಕ್ಷೆಗೆ ಹೋದೆ. ಅಪ್ಪನ ಮಾತು ಸುಳ್ಳಾಗಲಿಲ್ಲ. ಸೀಮೆಸುಣ್ಣದ ಪುಡಿ ಬಿಟ್ಟರೆ ಇಷ್ಟು ವರ್ಷ ನನ್ನ ಕೈಗೆ ಏನೂ ಅಂಟಿಲ್ಲ. ಅಪ್ಪ ಹೇಳದೆ ಬಿಟ್ಟದ್ದೆಂದರೆ, ಮುಂದೊಂದು ದಿನ ಕೈ ಕೊಳೆ ಮಾಡಿಕೊಂಡ ಅಳಿಯನಿಗೇ ಅತ್ತೆ ಮನೆಯಲ್ಲಿ ಎರಡನೇ ಸಲ ಪಾಯಸ ಬಡಿಸುತ್ತಾರೆ ಎಂಬುದು.

ನಮ್ಮ ಮಾವನವರ ಊರು ನರಸೀಪುರದಾಚೆ, ಮುಡುಕುತೊರೆ ಕಡೆಗೆ. ಮಾದೇಶನಿಗೆ ನರಸೀಪುರದಲ್ಲೇ ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿ. ಅವನ ಕಾರು ಎಷ್ಟು ಹಳೆಯದೆಂದರೆ ಅದರ ನಿಜವಾದ ಬಣ್ಣ ಯಾವುದೆಂದು ಅವನ ಹೆಂಡತಿಗೂ ಗೊತ್ತಿಲ್ಲ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಊಟವಾಗುತ್ತಲೇ ಅಂಗಳದಲ್ಲಿ ಅದರ ಬಾನೆಟ್ಟು ಎತ್ತುತ್ತಾನೆ. ಎತ್ತಿದ್ದೇ ತಡ, ನಾಟಕದ ಪರದೆ ಎದ್ದಂತೆ ಜನ ಸೇರುತ್ತಾರೆ. ಮಾವನವರು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಅತ್ತೆ ಅವನಿಗೆ ಕಾಫಿ ತಂದುಕೊಟ್ಟು, ಕೈ ಮಸಿಯಾಗಿದೆಯೆಂದು ಲೋಟವನ್ನು ತಾವೇ ಹಿಡಿದು ಕುಡಿಸುತ್ತಾರೆ. ನನ್ನ ಹೆಂಡತಿ ಮಂಜುಳ ನನ್ನ ಬಗ್ಗೆ ಮಾತಾಡುವಾಗ "ಇವ್ರು" ಎನ್ನುತ್ತಾಳೆ. ಅವನ ಬಗ್ಗೆ ಮಾತಾಡುವಾಗ "ನಮ್ ಮಾದೇಶ". ಆ 'ನಮ್' ಇದೆಯಲ್ಲ, ಅದು ಮದುವೆಯಾಗಿ ಹದಿನೆಂಟು ವರ್ಷವಾದರೂ ನನ್ನ ಹೆಸರಿನ ಹತ್ತಿರಕ್ಕೂ ಸುಳಿದಿಲ್ಲ.

ಇದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದ್ದು ಒಂದೇ. ಎಲ್ಲಿಗೇ ಹೊರಡಲಿ, ಮಾವನವರು ಬಂದು ಕೂರುವುದು ಮಾದೇಶನ ಕಾರಿನ ಮುಂದಿನ ಸೀಟಿನಲ್ಲಿ. ನಾನು ಹಿರಿಯಳಿಯ. ನನ್ನ ಕಾರು ಹೊಸದು, ಏಸಿ ಇದೆ, ಕೂತರೆ ಸ್ಪ್ರಿಂಗು ಚುಚ್ಚುವುದಿಲ್ಲ. ನಾನು ಹೋಗಿ ಬಾಗಿಲು ತೆಗೆದು ನಿಂತರೆ, "ನೀವು ನಡೀರಿ ಮೇಷ್ಟ್ರೇ, ನಾನ್ ಮಾದೇಶನ್ ಜೊತೇಲಿ ಬತ್ತೀನಿ" ಎಂದು ಟವೆಲ್ಲು ಕೊಡವಿಕೊಂಡು ಅತ್ತ ಹೋಗಿಬಿಡುತ್ತಾರೆ. ನಮ್ಮಪ್ಪ ನಾನು ಕಾರು ಕೊಳ್ಳುವ ಮೊದಲೇ ತೀರಿಕೊಂಡ. ಆ ಮುಂದಿನ ಸೀಟಿನಲ್ಲಿ ಯಾರಾದರೊಬ್ಬ ಹಿರಿಯರು ಪಂಚೆ ಸರಿಮಾಡಿಕೊಂಡು ಕೂರಲಿ ಎಂಬುದು ನನ್ನ ಬಡ ಆಸೆ. ಇದನ್ನು ಬಾಯಿಬಿಟ್ಟು ಹೇಳಿದರೆ ನಗುತ್ತಾರೆಂದು ಯಾರಿಗೂ ಹೇಳಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ.

ಕಿಚ್ಚಿಗೆ ಸೀಮೆಎಣ್ಣೆ ಬಿದ್ದದ್ದು ಕಳೆದ ದೀಪಾವಳಿಯಲ್ಲಿ. ಅದಕ್ಕೆ ಮೂರು ವಾರ ಹಿಂದೆ ಆಯುಧಪೂಜೆ. ತರಗತಿಯಲ್ಲಿ ನಾನು ಎಷ್ಟೇ ವಿಜ್ಞಾನ ಹೇಳಲಿ, ಆಯುಧಪೂಜೆಯ ದಿನ ಕಾರಿನ ಎದುರು ಬೂದುಗುಂಬಳ ಹಿಡಿದು ನಿಂತರೆ ನಾನು ಪಕ್ಕಾ ಹಳ್ಳಿಯವನೇ. ಎಲ್ಲರೂ ಕಡಲೆಪುರಿ, ಕಾಯಿಚೂರನ್ನು ಬಾನೆಟ್ಟಿನ ಮೇಲಿಟ್ಟು ಪೂಜೆ ಮಾಡುತ್ತಾರೆ. ನನಗೆ ಅದು ತರ್ಕಬದ್ಧವೆನಿಸಲಿಲ್ಲ. ಗಾಡಿಯ ಜೀವವಿರುವುದು ಎಂಜಿನ್ನಿನಲ್ಲಿ. ನೈವೇದ್ಯ ಅದರ ಬಾಯಿಗೇ ಮುಟ್ಟಬೇಕಲ್ಲವೇ? ಬಾನೆಟ್ಟು ಎತ್ತಿ, ಬ್ಯಾಟರಿಗೆ ವಿಭೂತಿ ಬಳಿದು, ಎಂಜಿನ್ನಿನ ಪಕ್ಕದ ಸಂದಿಯಲ್ಲಿ ಬಾಳೆಲೆ ಚೂರು ಹಾಸಿ, ಎರಡು ಬೊಗಸೆ ಕಡಲೆಪುರಿ, ಬೆಲ್ಲ, ಅರ್ಧ ಹೋಳು ಕಾಯಿ ಇಟ್ಟು ಭಕ್ತಿಯಿಂದ ಬಾನೆಟ್ಟು ಮುಚ್ಚಿದೆ. ತೆಗೆಯುವುದನ್ನು ಮರೆತೆ.

ದೀಪಾವಳಿಗೆ ಮಾವನವರ ಮನೆಗೆ ಹೋಗುವಷ್ಟರಲ್ಲಿ ಕಾರಿಗೆ ಬುದ್ಧಿ ಕೆಟ್ಟಿತ್ತು. ಹಾರನ್ ಒತ್ತಿದರೆ ವೈಪರ್ ಆಡುತ್ತಿತ್ತು. ಬಲಕ್ಕೆ ಇಂಡಿಕೇಟರ್ ಹಾಕಿದರೆ ರೇಡಿಯೋ ಬಾಯಿ ಮುಚ್ಚುತ್ತಿತ್ತು. ಮಾದೇಶ ನನ್ನನ್ನು ಕೇಳದೆಯೇ ಬಾನೆಟ್ಟು ಎತ್ತಿದ. ಒಳಗೆ ಹೆಗ್ಗಣವೊಂದು ಸಂಸಾರ ಹೂಡಿತ್ತು. ಬಾಳೆಲೆ ಚೂರು, ಕಾಯಿಯ ಕರಟ, ಹತ್ತಿ, ಕಡಿದ ವೈರು, ಸಾಲದ್ದಕ್ಕೆ ಮಂಜುಳ ಕಳೆದುಕೊಂಡು ಹುಡುಕುತ್ತಿದ್ದ ಕರ್ಚೀಫು.

"ಅಣ್ಣ, ಗಾಡಿಗೆ ಪೂಜೆ ಮಾಡಿದ್ದೀರೋ, ಇಲಿಗೆ ಸೀಮಂತ ಮಾಡಿದ್ದೀರೋ?" ಎಂದ ಮಾದೇಶ. ಅಂಗಳಕ್ಕೆ ಅಂಗಳವೇ ನಕ್ಕಿತು. ಅವನು ಜೇಬಿನಿಂದ ಕರಿ ಟೇಪು ತೆಗೆದು ವೈರುಗಳನ್ನು ಕೂಡಿಸಿ ಸುತ್ತಿಬಿಟ್ಟ. ಹಬ್ಬದ ದಿನ ಯಾರಾದರೂ ರೇಷ್ಮೆ ಅಂಗಿಯ ಜೇಬಿನಲ್ಲಿ ಟೇಪು ಇಟ್ಟುಕೊಂಡು ತಿರುಗುತ್ತಾರೆಯೇ? ಮಾವನವರು ನನ್ನ ಪರ ವಹಿಸಿಕೊಂಡು, "ನಗ್ಬ್ಯಾಡ್ರಮ್ಮಿ. ಮೇಷ್ಟ್ರು ಓದ್ಕಂಡವ್ರೆ, ಅವ್ರಿಗ್ಯಾಕೆ ಇವೆಲ್ಲ" ಎಂದರು. ಅವರೆಲ್ಲರ ನಗುವನ್ನು ತಡೆದುಕೊಂಡೆ, ಈ ಗೌರವವನ್ನು ತಡೆದುಕೊಳ್ಳಲಾಗಲಿಲ್ಲ.

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಇನ್ನು ಮೇಲೆ ನನ್ನ ಕಾರನ್ನು ನಾನೇ ರಿಪೇರಿ ಮಾಡಿಕೊಳ್ಳಬೇಕೋ ಬೇಡವೋ? ಬೇಡ ಎನ್ನುವುದಕ್ಕೆ ಕಾರಣಗಳು ಬೇಕಾದಷ್ಟಿದ್ದವು. ನನಗೆ ಬರುವುದಿಲ್ಲ ಎಂಬುದೇ ಮೊದಲನೆಯದು, ಉಳಿದವನ್ನು ನೋಡುವ ಅಗತ್ಯವೇ ಇರಲಿಲ್ಲ. ಬೇಕು ಎನ್ನುವುದಕ್ಕೆ ಇದ್ದದ್ದು ಮಾದೇಶ ಒಬ್ಬನೇ. ಅವನೇ ಗೆದ್ದ.

ಆದರೂ ಒಂದು ಮಾತು ಕೇಳಿಬಿಡೋಣವೆಂದು ನಂಜನಗೂಡಿನ ಮೆಕ್ಯಾನಿಕ್ ಶಿವಲಿಂಗುವಿನ ಹತ್ತಿರ ಹೋದೆ. ಅವನು ನನ್ನ ಹಳೆಯ ಶಿಷ್ಯ. ಈಗ ಅವನಿಗೇ ಇಬ್ಬರು ಮಕ್ಕಳು, ಆದರೂ ನನ್ನನ್ನು ಕಂಡರೆ ಕಾರಿನ ಅಡಿಯಿಂದ ತೆವಳಿ ಬಂದು ಕೈ ಕಟ್ಟಿ ನಿಲ್ಲುತ್ತಾನೆ. ನನ್ನ ಸಂಕಲ್ಪ ಕೇಳಿ ಅವನ ಮುಖ ಸಪ್ಪಗಾಯಿತು.

"ಬ್ಯಾಡಿ ಸಾ."

"ಯಾಕೋ? ಬ್ಯಾಟರಿ ಹೆಂಗೆ ಕೆಲಸ ಮಾಡುತ್ತೆ ಅಂತ ನಿನಗೆ ಹೇಳಿಕೊಟ್ಟವನು ನಾನು ತಾನೇ?"

"ನೀವೇ ಸಾ. ಅದ್ಕೇ ಯೋಳ್ತಿರೋದು. ಓದ್ದೋರು ಬಿಚ್ಚಿದ್ರೆ ಆಮೇಲೆ ಒಂದೆಲ್ಡು ನಟ್ಟು ಮಿಕ್ಕೋಯ್ತವೆ ಸಾ. ನಾವು ಎಲ್ಲಿಂದ ಬಿಚ್ಚುದ್ವು ಅಂತ ನೋಡ್ಕತೀವಿ. ನೀವು ಅದು ಯಾಕೆ ಅಲ್ಲಿ ಅದೆ ಅಂತ ಯೋಚ್ನೆ ಮಾಡ್ತಾ ಕೂತ್ಕತೀರಿ."

ಶಿಷ್ಯನ ಮಾತು ಕೇಳುವ ಮೇಷ್ಟ್ರುಂಟೇ? ಆ ಭಾನುವಾರವೇ ಒಂದು ಸ್ಪ್ಯಾನರ್ ಪೆಟ್ಟಿಗೆ ತಂದೆ. ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಮಲಗಿದ್ದ ಆ ಸ್ಪ್ಯಾನರುಗಳನ್ನು ನೋಡಿದರೆ ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳು ನೆನಪಾಗುತ್ತಿದ್ದರು. ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ಶುರುಮಾಡಿದೆ. ವಿಡಿಯೋದವನು ಹಿಂದಿಯಲ್ಲಿ ಹೇಳುತ್ತಿದ್ದ; ಅವನ ಕಾರು ಬೇರೆ, ನನ್ನ ಕಾರು ಬೇರೆ. ಆದರೂ ಏರ್ ಫಿಲ್ಟರ್ ಬಿಚ್ಚಿ ಕೊಡವಿದೆ. ವೈಪರಿನ ರಬ್ಬರು ಬದಲಾಯಿಸಿದೆ. ಬ್ಯಾಟರಿಯ ತಲೆಯ ಮೇಲೆ ವೈರನ್ನು ಕಚ್ಚಿಕೊಂಡಿರುವ ಎರಡು ಹಿಡಿಕೆಗಳನ್ನು ಬಿಚ್ಚಿ, ನಾನೇ ಬಳಿದಿದ್ದ ವಿಭೂತಿಯನ್ನು ಉಜ್ಜಿ ತೆಗೆದು ಮತ್ತೆ ಹಾಕಿದೆ. ಶಿವಲಿಂಗು ಹೇಳಿದಂತೆ ಎರಡು ನಟ್ಟು ಮಿಕ್ಕವು. ಅವನ್ನು ಹಳೆಯ ಮಾತ್ರೆ ಡಬ್ಬಿಯಲ್ಲಿ ಹಾಕಿ ಬೀರುವಿನಲ್ಲಿ ಅಡಗಿಸಿಟ್ಟೆ. ಕಾರು ಓಡಿತು. ಮಂಜುಳ ಹೊರಗೆ ಬಂದು, ನನ್ನ ಮಸಿ ಮೆತ್ತಿದ ಕೈಗಳನ್ನು ನೋಡಿದಳು. ಅವಳೇ ಲೋಟ ಹಿಡಿದು ಕಾಫಿ ಕುಡಿಸುತ್ತಾಳೇನೋ ಎಂದು ನಾನು ಬಾಯಿ ಸಿದ್ಧಮಾಡಿಕೊಂಡೆ. "ಆ ಕೈಯಲ್ಲಿ ಬಾಗಿಲು ಮುಟ್ಟಬೇಡಿ, ಮೊನ್ನೆ ತಾನೇ ಪೇಂಟ್ ಮಾಡಿಸಿರೋದು" ಎಂದು ಒಳಗೆ ಹೋದಳು.

ಇಷ್ಟರಲ್ಲಿ ನನ್ನ ಬಾಮೈದನಿಗೆ ಬದನವಾಳಿನಲ್ಲಿ ಒಂದು ಸಂಬಂಧ ಕೂಡಿ ಬಂತು. ಮಾತುಕತೆಗೆ ಎಲ್ಲರೂ ಹೋಗುವುದೆಂದಾಯಿತು. ನರಸೀಪುರ, ನಂಜನಗೂಡು ದಾಟಿ ಹೋಗಬೇಕಾದ ದೂರದ ದಾರಿ, ಎರಡು ಕಾರು. ನನ್ನ ಕಾರು ಈಗ ನನ್ನ ಕೈಯಲ್ಲೇ ರಿಪೇರಿಯಾದದ್ದು, ಮಾವನವರು ಇನ್ನಾದರೂ ನನ್ನ ಪಕ್ಕದಲ್ಲಿ ಕೂರಲೇಬೇಕು. ಹಿಂದಿನ ದಿನವೇ ಅಲ್ಲಿಗೆ ಹೋಗಿ, ಬೆಳಿಗ್ಗೆ ಮುಂದಿನ ಸೀಟಿನ ಮೇಲೆ ಬಿಳಿ ಟವೆಲ್ಲು ಹಾಸಿ, ಬಾಗಿಲು ತೆರೆದು ನಿಂತೆ. ಮಾವನವರು ಬಂದರು, ಟವೆಲ್ಲು ನೋಡಿದರು, "ಬೋ ಚೆಂದಾಗದೆ" ಎಂದರು, ಮಾದೇಶನ ಕಾರು ಹತ್ತಿದರು.

ಅವರು ನಮಗಿಂತ ಮೊದಲು ಹೊರಟು, ನಮಗಿಂತ ಮುಕ್ಕಾಲು ಗಂಟೆ ತಡವಾಗಿ ಬದನವಾಳಿಗೆ ಬಂದರು. ಅಷ್ಟು ಹೊತ್ತೂ ಹೆಣ್ಣಿನ ಕಡೆಯವರ ಎದುರು ನಾವು ಮಳೆ, ಬೆಳೆ, ಬಿಸಿಲು ಎಂದು ಗಂಟಲೊಣಗಿಸಿಕೊಂಡಿದ್ದೆವು. ಇಳಿದವರೇ ಮಾವನವರು ಖುಷಿಯಾಗಿ, "ಗಾಡಿ ಕೆಟ್ಟೋಗಿತ್ತು ಕಣಮ್ಮಿ. ಮಾದೇಶ ಇದ್ದುದ್ಕೆ ಸರಿಹೋಯ್ತು" ಎಂದರು. ಮಂಜುಳ, "ನಮ್ ಮಾದೇಶ ಇರೋ ಹೊತ್ಗೆ ಆಯ್ತು, ಬೇರೆ ಯಾರಾದ್ರೂ ಆಗಿದ್ರೆ?" ಎಂದು ನನ್ನ ಕಡೆ ತಿರುಗಿ ನೋಡಿದಳು. ಕೆಟ್ಟು ಸರಿಹೋದ ಕಾರಿಗೆ ಇಷ್ಟು ಹೊಗಳಿಕೆ. ಕೆಡದೆ ಬಂದ ನನ್ನ ಕಾರನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಇದಕ್ಕಿಂತ ದೊಡ್ಡ ಅನ್ಯಾಯ ಉಂಟೇ, ನೀವೇ ಹೇಳಿ.

ಮಾತುಕತೆ ಸುಸೂತ್ರವಾಗಿ ಮುಗಿಯಿತು. ಊಟವಾಗಿ ಹೊರಡುವಾಗ ಅತ್ತೆಯವರೇ ತೀರ್ಪು ಕೊಟ್ಟರು: "ಮಾತ್ರೆ ತಕೊಳ್ಳೋ ಹೊತ್ಗೆ ಮನೇಲಿರ್ಬೇಕು ಇವ್ರು. ಶುಗರ್ ಮುನ್ನೂರು ಮುಟ್ಟದೆ. ಮೇಷ್ಟ್ರ ಗಾಡೀಲಿ ಓಗ್ಲಿ, ಅದು ಕೆಡಾದಿಲ್ಲ." ಉಳಿದವರೆಲ್ಲ ಮಾದೇಶನ ಕಾರಿನಲ್ಲಿ ತುಂಬಿಕೊಂಡು ಮುಂದೆ ಹೊರಟರು. ಮಾವನವರು, ಹಾಜರಿ ತೆಗೆದುಕೊಳ್ಳುವಾಗ ಎದ್ದು ನಿಲ್ಲುವ ಹುಡುಗನ ಮುಖ ಮಾಡಿಕೊಂಡು, ನನ್ನ ಬಿಳಿ ಟವೆಲ್ಲಿನ ಮೇಲೆ ಕೂತರು. ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ! ಆ ಸಂತೋಷದಲ್ಲಿ ಬಾಯಿ ಬಿಟ್ಟವನು ನಂಜನಗೂಡು ದಾಟುವವರೆಗೂ ಮುಚ್ಚಲಿಲ್ಲ. ಏಸಿ ಗಾಳಿಯನ್ನು ಹೇಗೆ ತಣ್ಣಗೆ ಮಾಡುತ್ತದೆ, ಸಕ್ಕರೆ ರಕ್ತದಲ್ಲಿ ಏನು ಮಾಡುತ್ತದೆ, ಎಲ್ಲವನ್ನೂ ವಿವರಿಸಿದೆ. ಅವರು "ಊಂ" ಎನ್ನುತ್ತಾ ಕಿಟಕಿಯಾಚೆ ಹಿಂದಕ್ಕೆ ಸರಿಯುವ ಅಂಗಡಿಗಳನ್ನು ನೋಡುತ್ತಿದ್ದರು.

ನರಸೀಪುರದ ದಾರಿಯಲ್ಲಿ ಅರ್ಧ ಬಂದಿರಬೇಕು, "ಮೇಷ್ಟ್ರೇ, ಒಸಿ ನಿಲ್ಸಿ, ಇಳ್ದು ಬತ್ತೀನಿ" ಎಂದರು. ನಾಲೆಯ ಮೋರಿಯೊಂದರ ಪಕ್ಕ ನಿಲ್ಲಿಸಿ ಎಂಜಿನ್ ಆರಿಸಿದೆ. ಅವರು ಕೆಲಸ ಮುಗಿಸಿ ಬಂದು ಕೂತರು. ಕೀ ತಿರುಗಿಸಿದೆ. ಗಾಡಿ ಕೆಮ್ಮಲೂ ಇಲ್ಲ. ದೀಪವಿಲ್ಲ, ಹಾರನ್ ಇಲ್ಲ, ಸದ್ದೇ ಇಲ್ಲ. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಇಷ್ಟು ವರ್ಷಕ್ಕೆ ಒಂದು ಸಲ ಕೂರಿಸಿಕೊಂಡಿದ್ದೇನೆ, ಅದೂ ನಾನೇ ಕೈಯಾಡಿಸಿದ ಗಾಡಿ!

"ಕೆಟ್ಟೋಯ್ತಾ?" ಎಂದರು ಮಾವನವರು. ಆ ದನಿಯಲ್ಲಿ ಗಾಬರಿಯಿರಲಿಲ್ಲ. ತಿರುಗಿ ನೋಡಿದರೆ ಮುಖ ಗಣೇಶನ ಹಬ್ಬದಂತೆ ಅರಳಿತ್ತು. ನಾನು ಉತ್ತರ ಹೇಳುವ ಮೊದಲೇ ಇಳಿದು, ರಸ್ತೆ ದಾಟಿ, ಎದುರಿಗಿದ್ದ ಬೋಂಡದ ಗೂಡಂಗಡಿಗೆ ನಡೆದೇಬಿಟ್ಟರು.

ಬಾನೆಟ್ಟು ಎತ್ತಿದೆ. ಬ್ಯಾಟರಿಯ ಮೇಲಿನ ಹಿಡಿಕೆಯನ್ನು ಮುಟ್ಟಿದರೆ, ಬಿದ್ದು ಹೋಗಲಿರುವ ಹಾಲುಹಲ್ಲಿನಂತೆ ಅಲ್ಲಾಡಿತು. ಅಂದು ನಾನೇ ಬಿಚ್ಚಿ, ಸರಿಯಾಗಿ ಬಿಗಿಯದೆ ಬಿಟ್ಟದ್ದು. ಹಿಂದಿನ ಸೀಟಿನಡಿಯಿಂದ ಪೆಟ್ಟಿಗೆ ತಂದು, ಹತ್ತರ ನಂಬರಿನ ಸ್ಪ್ಯಾನರು ಹುಡುಕಿ, ನಾಲ್ಕು ಸುತ್ತು ಬಿಗಿದೆ. ಕೀ ತಿರುಗಿಸಿದೆ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹೊತ್ತಿಕೊಂಡವು. ಎರಡೇ ನಿಮಿಷ! ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ, ಯಾರ ಸಹಾಯವೂ ಇಲ್ಲದೆ, ಒಂದು ಕಾರನ್ನು ನಡುದಾರಿಯಲ್ಲಿ ರಿಪೇರಿ ಮಾಡಿದ್ದೆ. "ಮಾವಾ, ಆಯ್ತೂ!" ಎಂದು ಕೂಗಲು ಬಾಯಿ ತೆರೆದೆ.

ಅಷ್ಟರಲ್ಲಿ ಮಾವನವರು ಕಾಗದದ ಮೇಲೆ ಬಿಸಿ ಬೋಂಡ ಹಿಡಿದು ಮೋರಿ ಕಟ್ಟೆಯ ಮೇಲೆ ಕೂತಾಗಿತ್ತು. "ಬನ್ನಿ ಮೇಷ್ಟ್ರೇ, ಬಿಸಿಯಾಗದೆ" ಎಂದು ಪಕ್ಕದ ಜಾಗ ತಟ್ಟಿದರು. "ನಿಧಾನ್ಕೆ ಮಾಡಿ, ಏನರ್ಜೆಂಟಿಲ್ಲ. ಮಾದೇಶ್ನೂ ಅರ್ಧ ಗಂಟೆ ತಕತಾನೆ."

ಕೀಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ, ಬಾನೆಟ್ಟನ್ನು ಹಾಗೇ ಬಿಟ್ಟು ಹೋಗಿ ಕೂತೆ.

"ಸಕ್ಕರೆ ಟೀನೂ ಯೋಳಿವ್ನಿ" ಎಂದರು ಗುಟ್ಟಾಗಿ. "ನಿಮ್ಮತ್ತೆ ಮುಂದೆ ಬಾಯಿ ಬಿಟ್ಬುಟ್ಟೀರ. ನೋಡಿ ಮೇಷ್ಟ್ರೇ, ಬ್ಯಾಸ್ರ ಮಾಡ್ಕಬ್ಯಾಡಿ. ನಿಮ್ ಗಾಡಿ ಬೋ ಒಳ್ಳೇದು. ಆದ್ರೆ ಅದು ಏರೋಪ್ಲೇನ್ ಇದ್ದಂಗೆ. ಅತ್ತುದ್ರೆ ಮನೇಲೇ ಇಳಿಯಾದು. ಮನೇಲೇನದೆ? ಉಪ್ಪಿಲ್ದ ಸಾರು, ಮಾತ್ರೆ, ನಿಮ್ಮತ್ತೆ. ಮಾದೇಶನ್ ಗಾಡಿ ಬೋ ತಿಳುವಳ್ಕೆಸ್ತ. ಎಲ್ ನಿಲ್ಬೇಕೋ ಅಲ್ಲೇ ನಿಲ್ತದೆ."

ಎಲ್ಲಿ ನಿಲ್ಲುತ್ತದೆ ಎಂದು ಕೇಳಿದೆ. ಅವರು ಬೆರಳು ಮಡಚಿ ಹೇಳುತ್ತಾ ಹೋದರು. ನರಸೀಪುರದ ಸೇತುವೆ ದಾಟಿದ ಮೇಲಿನ ವಡೆ ಅಂಗಡಿ. ಸೋಮನಾಥಪುರಕ್ಕೆ ಹೋಗುವಾಗ ಸಿಗುವ ಕಬ್ಬಿನ ಹಾಲಿನ ಗಾಡಿ. ಮೈಸೂರು ದಾರಿಯ ಜಿಲೇಬಿಯವನು. ಆ ಪಟ್ಟಿ ಕೇಳುತ್ತಾ ಕೇಳುತ್ತಾ ನನಗೆ ಎಲ್ಲ ಅರ್ಥವಾಯಿತು. ಗಾಡಿ ರಿಪೇರಿ ಮಾಡುವುದನ್ನು ವಿಡಿಯೋ ನೋಡಿ ಕಲಿಯಬಹುದು. ತಿಂಡಿ ಅಂಗಡಿಗೆ ಹತ್ತು ಮಾರು ದೂರದಲ್ಲಿ, ಯಾರಿಗೂ ಅನುಮಾನ ಬರದಂತೆ ಅದನ್ನು ಕೆಡಿಸುವುದನ್ನು ಯಾರು ಕಲಿಸುತ್ತಾರೆ? ನಾನು ಇಷ್ಟು ದಿನ ಮಾದೇಶನ ಸಣ್ಣ ವಿದ್ಯೆಗೆ ಹೊಟ್ಟೆಕಿಚ್ಚು ಪಟ್ಟಿದ್ದೆ. ದೊಡ್ಡದು ಕಣ್ಣಿಗೇ ಬಿದ್ದಿರಲಿಲ್ಲ.

ಆದರೂ ಒಂದು ಮಾತು ಹೇಳಬೇಕು. ಆ ಮೋರಿ ಕಟ್ಟೆಯ ಮೇಲೆ ನಾನು ಬಾಯಿ ಮುಚ್ಚಿಕೊಂಡಿದ್ದೆ, ಮಾವನವರು ಮಾತಾಡಿದರು. ಅವರು ಹರೆಯದಲ್ಲಿ ಎತ್ತಿನ ಗಾಡಿಯಲ್ಲಿ ಭತ್ತ ಸಾಗಿಸುವಾಗ ಅಚ್ಚು ಮುರಿದು, ಎರಡು ದಿನ ಯಾರದೋ ಹೊಲದಲ್ಲಿ ಉಳಿದು, ಆ ಮನೆಯ ಹುಡುಗಿಯನ್ನೇ ಕೇಳಿ ಮದುವೆಯಾದದ್ದನ್ನು ಹೇಳಿದರು. ಅತ್ತೆಯವರು ಸಿಕ್ಕಿದ್ದು ಹೀಗೆಂದು ನನಗೆ ಗೊತ್ತೇ ಇರಲಿಲ್ಲ. ಒಂದು ಬೀಡಿಯನ್ನೂ ಹಚ್ಚಿದರು. ನಾಲೆಯಲ್ಲಿ ನೀರು ಸಣ್ಣಗೆ ಸದ್ದು ಮಾಡುತ್ತಾ ಹೋಗುತ್ತಿತ್ತು. ನನಗೂ ಏನೂ ಅರ್ಜೆಂಟಿರಲಿಲ್ಲ.

ಫೋನು ಬಂತು, ಮಂಜುಳ. "ಎಲ್ಲಿದ್ದೀರಿ? ಮಾತ್ರೆ ಹೊತ್ತಾಯ್ತು. ಕೆಟ್ಟೋಯ್ತು ತಾನೇ? ನಂಗೊತ್ತಿತ್ತು. ಅಲ್ಲೇ ಇರಿ, ನಮ್ ಮಾದೇಶ ವಾಪಸ್ ತಿರುಗಿಸ್ತಾವ್ನೆ." ಬೇಡ ಎನ್ನುವಷ್ಟರಲ್ಲಿ ಇಟ್ಟುಬಿಟ್ಟಳು. ಕಾಲು ಗಂಟೆಯಲ್ಲಿ ಆ ಬಣ್ಣಗೆಟ್ಟ ಕಾರು ಧೂಳೆಬ್ಬಿಸಿಕೊಂಡು ಬಂತು. ಮಾವನವರು ಬೀಡಿಯನ್ನು ನಾಲೆಗೆಸೆದು, ಟವೆಲ್ಲಿನಿಂದ ಬಾಯಿ ಒರೆಸಿಕೊಂಡು, ನನ್ನ ಕಡೆ ನೋಡಿದ ನೋಟವನ್ನು ಕಾಪಿ ಹೊಡೆಯುತ್ತಾ ಸಿಕ್ಕಿಬಿದ್ದ ಎಷ್ಟೋ ಮಕ್ಕಳಲ್ಲಿ ಕಂಡಿದ್ದೇನೆ. ನಾನು ಬಾನೆಟ್ಟಿನೊಳಗೆ ತಲೆ ತೂರಿಸಿದೆ.

ಮಾದೇಶ ಬಂದು ಪಕ್ಕದಲ್ಲಿ ಬಗ್ಗಿದ. ಬಿಗಿದಿದ್ದ ಹಿಡಿಕೆಯನ್ನು ನೋಡಿದ. ಫಳಫಳ ಹೊಳೆಯುವ ನಟ್ಟನ್ನು ನೋಡಿದ. ಮಾವನವರ ಮೀಸೆಗೆ ಅಂಟಿದ್ದ ಬೋಂಡದ ಚೂರನ್ನು ನೋಡಿದ. ಅವನಿಗೆ ಎಲ್ಲವೂ ಗೊತ್ತಾಯಿತು.

"ಚೆನ್ನಾಗೇ ಬಿಗಿದಿದ್ದೀರಿ ಅಣ್ಣ" ಎಂದ, ನನಗೊಬ್ಬನಿಗೇ ಕೇಳುವಂತೆ. ಆಮೇಲೆ ಎರಡು ವೈರು ಸುಮ್ಮನೆ ಅಲ್ಲಾಡಿಸಿ, ಹೋಗಿ ಕೀ ತಿರುಗಿಸಿದ. ಗಾಡಿ ಗುಡುಗಿತು.

"ನೋಡಿದ್ರಾ?" ಎಂದಳು ಮಂಜುಳ ಎಲ್ಲರಿಗೂ ಕೇಳುವಂತೆ. "ನಮ್ ಮಾದೇಶ ಮುಟ್ಟಿದ್ರೆ ಸಾಕು. ಇವ್ರು ಒಂದ್ ಗಂಟೆಯಿಂದ ತಲೆ ತೂರಿಸ್ಕೊಂಡು ನಿಂತವ್ರೆ." ಅತ್ತೆಯವರು ಮಾದೇಶನ ತಲೆ ಸವರಿದರು. ನನ್ನ ನಾಲಿಗೆಯ ತುದಿಯಲ್ಲಿ ಆ ಎರಡು ನಿಮಿಷದ ಪರಾಕ್ರಮವಿತ್ತು. ಹೇಳಿದರೆ, ಮಿಕ್ಕ ಮುಕ್ಕಾಲು ಗಂಟೆ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ ಬರುತ್ತಿತ್ತು. ಮಾವನವರು ಆಕಾಶ ನೋಡುತ್ತಿದ್ದರು. ನುಂಗಿಕೊಂಡೆ.

ಈಗ ರಿಪೇರಿಯನ್ನೆಲ್ಲ ಶಿವಲಿಂಗುವಿಗೇ ವಹಿಸಿದ್ದೇನೆ. ಒಂದು ಕೆಲಸ ಮಾತ್ರ ನಾನೇ ಮಾಡಿಕೊಳ್ಳುತ್ತೇನೆ. ಮಾವನವರನ್ನು ಕರೆದೊಯ್ಯುವ ದಿನ ಬೆಳಿಗ್ಗೆ ಯಾರೂ ಏಳುವ ಮೊದಲು ಹೋಗಿ ಬ್ಯಾಟರಿಯ ಹಿಡಿಕೆಯನ್ನು ಅರ್ಧ ಸುತ್ತು ಸಡಿಲ ಮಾಡಿ ಬರುತ್ತೇನೆ. ಎಷ್ಟು ಸಡಿಲ ಮಾಡಿದರೆ ಎಷ್ಟು ದೂರಕ್ಕೆ ನಿಲ್ಲುತ್ತದೆಂದು ಒಂದು ಹಾಳೆಯಲ್ಲಿ ಲೆಕ್ಕ ಹಾಕಿಯೂ ಇಟ್ಟಿದ್ದೆ. ಭೌತಶಾಸ್ತ್ರ ಓದಿದ್ದು ವ್ಯರ್ಥವಾಗಬಾರದು ನೋಡಿ. ಮೊನ್ನೆ ಅವರು ತಾವಾಗಿಯೇ ಬಂದು ನನ್ನ ಪಕ್ಕ ಕೂತರು. ನರಸೀಪುರದೊಳಗೆ ಒಂದು ಹಂಪ್ ಹಾರಿದ ಏಟಿಗೆ ಗಾಡಿ ತಟಕ್ಕನೆ ನಿಂತಿತು. ಮಾವನವರು ಆಸೆಯಿಂದ ಕಿಟಕಿ ಇಳಿಸಿ ಹೊರಗೆ ನೋಡಿದರು. ನಿಂತದ್ದು ನಾನು ಲೆಕ್ಕ ಹಾಕಿದ್ದ ವಡೆ ಅಂಗಡಿಯ ಮುಂದಲ್ಲ, ಅವರ ಶುಗರ್ ಡಾಕ್ಟರ ಕ್ಲಿನಿಕ್ಕಿನ ಬಾಗಿಲಿಗೆ ಸರಿಯಾಗಿ. ಬಾಗಿಲಲ್ಲಿ ನಿಂತಿದ್ದ ಡಾಕ್ಟರು, "ಏನು ಯಜಮಾನ್ರೇ, ಈ ಸಲ ಹೇಳಿದ ದಿನಕ್ಕೇ ಬಂದ್ಬಿಟ್ರಿ!" ಎಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದರು.

ವಾಪಸ್ಸು ಹೋಗಲು ಮಾವನವರು ಕ್ಲಿನಿಕ್ಕಿನಿಂದಲೇ ಫೋನು ಮಾಡಿ ಮಾದೇಶನನ್ನು ಕರೆಸಿಕೊಂಡರು.